ಹತ್ತೊಂಬತ್ತನೇ ಸೀಟಿನ ಮಗು

ಕ್ಯಾಮೆರಾ ಒಂದು ತಾನು ಕಂಡದ್ದನ್ನು ಇಟ್ಟುಕೊಳ್ಳದೆ, ತನಗೆ ತಿಳಿದದ್ದನ್ನು ಮಾತ್ರ ಇಟ್ಟುಕೊಂಡರೆ ಏನಾಗುತ್ತದೆ? ಈ ಪ್ರಶ್ನೆಯನ್ನು ನಮ್ಮ ಆಯ್ಕೆ ಸಮಿತಿಯಲ್ಲಿ ಯಾರೂ ಕೇಳಲಿಲ್ಲ. ಸಮಿತಿಯಲ್ಲಿ ಐದು ಜನ ಇದ್ದೆವು. ನಾಲ್ವರು ಸಾಹೇಬರು, ಐದನೆಯವಳು ನಾನು, ಅನಸೂಯಾ ಗೊರಬಾಳ, ಹುನಗುಂದ ಕುಷ್ಟಗಿ ಹೆದ್ದಾರಿಯ ಮೇಲಿನ ಇಳಕಲ್ ಬಸ್ ಡಿಪೊದ ಎಲೆಕ್ಟ್ರಿಷಿಯನ್. ಒಬ್ಬ ಹೆಂಗಸು ಇರಲೇಬೇಕೆಂಬ ನಿಯಮವಿತ್ತು, ಹಳೆಯ ಕ್ಯಾಮೆರಾಗಳ ಕರ್ಮವನ್ನು ಹನ್ನೊಂದು ವರ್ಷ ಹೊತ್ತವಳೂ ನಾನೇ ಆಗಿದ್ದೆ. ಹಾಗಾಗಿ ನನಗೊಂದು ಕುರ್ಚಿ ಸಿಕ್ಕಿತು.

ಆ ಹಳೆಯ ಕ್ಯಾಮೆರಾಗಳನ್ನು ಹೊಗಳಿ ನಾನೇನೂ ಬರೆಯುವುದಿಲ್ಲ. ಡ್ರೈವರ್ ಸೀಟಿನ ಕೆಳಗೆ ಒಂದು ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಡಿಸ್ಕು. ನಮ್ಮ ರಸ್ತೆಯ ಕುಲುಕಾಟ, ಗ್ರಾನೈಟ್ ಧೂಳು, ಏಪ್ರಿಲ್ ತಿಂಗಳ ಬಿಸಿಲು, ಇವು ಮೂರೂ ಸೇರಿ ಮೂರು ತಿಂಗಳಿಗೊಂದು ಡಿಸ್ಕನ್ನು ಮುಗಿಸುತ್ತಿದ್ದವು. ಮುಖ ಬೇಕೆಂದರೆ ನೆತ್ತಿ ತೋರಿಸುತ್ತಿತ್ತು. ಒಮ್ಮೆ ಸರಗಳ್ಳತನದ ದೃಶ್ಯ ಬೇಕೆಂದು ಪೊಲೀಸರು ಬಂದು ಕೂತಾಗ ಮೂರು ಗಂಟೆ ಬರೀ ಚೆಂಡುಹೂ ಕಂಡಿತು. ಆಯುಧಪೂಜೆಗೆ ಡ್ರೈವರು ಕಟ್ಟಿದ ಹಾರ ಕ್ಯಾಮೆರಾದ ಕಣ್ಣಿಗೇ ಅಡ್ಡ ಬಂದಿತ್ತು. ಇಂಥದ್ದನ್ನು ಬದಲಿಸಬೇಕೆಂದು ಎಲ್ಲರಿಗಿಂತ ಮೊದಲು ಅರ್ಜಿ ಬರೆದವಳೂ ನಾನೇ.

ನಾಲ್ಕು ಕಂಪನಿಗಳು ಬಂದವು. ಮೂರು ಕಂಪನಿಗಳದ್ದು ಅದೇ ಹಳೆಯ ಹಾಡು, ದೊಡ್ಡ ಡಿಸ್ಕು, ಗಟ್ಟಿ ಪೆಟ್ಟಿಗೆ. ನಾಲ್ಕನೆಯದು ಸಾರನೇತ್ರ. ಅದರ ಎಂಜಿನಿಯರ್ ವಿಶ್ರುತ್ ಎಂಬ ಬೆಂಗಳೂರಿನ ಹುಡುಗ, ನಯವಾದ ಮಾತಿನವನು. ಅವನು ನಮಗೆ ಅಂಗೈ ತೋರಿಸಿದ. ಅದರ ಮೇಲೆ ಉಗುರಿನಷ್ಟು ಚಿಕ್ಕದೊಂದು ಮೆಮೊರಿ ಚಿಪ್ ಇತ್ತು.

"ಒಂದು ಬಸ್ಸಿನ ಒಂದು ವರ್ಷ ಇದರೊಳಗೆ ಕೂರುತ್ತೆ ಸರ್. ಕಂಡಿದ್ದನ್ನೆಲ್ಲ ಹೊತ್ಕೊಂಡು ತಿರುಗೋದು ಯಾಕೆ? ನೀವು ಮದುವೆಗೆ ಹೋಗಿ ಬಂದ್ರೆ ಏನು ನೆನಪಿಡ್ತೀರ? ಯಾರು ಬಂದಿದ್ರು, ಯಾರ ಜೊತೆ ಬಂದಿದ್ರು, ಏನು ಉಟ್ಟಿದ್ರು. ಇದೂ ಅಷ್ಟೇ ನೆನಪಿಡುತ್ತೆ."

ಅಂದರೆ ಆ ಕ್ಯಾಮೆರಾ ಚಿತ್ರವನ್ನು ಉಳಿಸುವುದಿಲ್ಲ. ನೋಡುತ್ತದೆ, ಅರ್ಥ ಮಾಡಿಕೊಳ್ಳುತ್ತದೆ, ಟಿಪ್ಪಣಿ ಬರೆದುಕೊಳ್ಳುತ್ತದೆ. ಇಂಥ ಸೀಟು, ಹೆಂಗಸು, ನಲವತ್ತರ ಆಸುಪಾಸು, ಕೆಂಪು ಸೆರಗಿನ ಸೀರೆ, ಕೈಯಲ್ಲಿ ಚೀಲ. ನಾವು ಕೇಳಿದಾಗ ಆ ಟಿಪ್ಪಣಿಯಿಂದ ಚಿತ್ರವನ್ನು ಮತ್ತೆ ಬರೆದು ಓಡಿಸುತ್ತದೆ. ಹೊಸದಾಗಿ ಏನಾದರೂ ತಿಳಿದರೆ ಹಿಂದಿನ ಟಿಪ್ಪಣಿಯನ್ನೂ ತಿದ್ದಿಕೊಳ್ಳುತ್ತದೆ, ಒಂದಕ್ಕೊಂದು ಹೊಂದಬೇಕಲ್ಲ. ಇಷ್ಟನ್ನು ವಿಶ್ರುತ್ ಹೇಳಿದ್ದ. ಪ್ರಯಾಣಿಕರ ಮುಖಗಳ ವಿಷಯ ಒಪ್ಪಂದದ ಕೊನೆಯ ಅನುಬಂಧದಲ್ಲಿತ್ತು. ಒಪ್ಪಂದ ನೂರ ನಲವತ್ತು ಪುಟದ್ದು, ನಾನು ಓದಿದ್ದು ಮೂವತ್ತು. ಸಾಹೇಬರು ಓದಿದ್ದು ಮುಖಪುಟ.

ಪರೀಕ್ಷೆಗೆಂದು ಒಂದು ಬಸ್ಸಿಗೆ ಹಳೆಯದನ್ನೂ ಹೊಸದನ್ನೂ ಹಾಕಿ, ಡಿಪೊದ ನಲವತ್ತು ಜನ ನೌಕರರನ್ನು ಕೂರಿಸಿ ಅಮೀನಗಡದವರೆಗೆ ಹೋಗಿಬಂದೆವು. ಈಗ ನೆನೆದರೆ ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಮುಂದಿನ ಸೀಟಿನಲ್ಲಿ ಸಾಹೇಬರು, ಅವರ ಹಿಂದೆ ಗುಮಾಸ್ತರು, ಅವರ ಹಿಂದೆ ಮೆಕ್ಯಾನಿಕ್‌ಗಳು, ಕೊನೆಯ ಸಾಲಿನಲ್ಲಿ ಕಸಗುಡಿಸುವ ಇಬ್ಬರು. ಹುದ್ದೆ ನೋಡಿ ಕೂತಿದ್ದೆವು. ಒಬ್ಬರೂ ನಿಂತಿರಲಿಲ್ಲ, ಬಾಗಿಲಲ್ಲಿ ಜೋತುಬಿದ್ದಿರಲಿಲ್ಲ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಿರಲಿಲ್ಲ. ಕೂಸು ಕುನ್ನಿ ಒಂದೂ ಇರಲಿಲ್ಲ. ಅಂಥ ಬಸ್ಸು ನಮ್ಮ ಜಿಲ್ಲೆಯಲ್ಲಿ ಎಂದಾದರೂ ಓಡಿದೆಯೇ?

ತಿರುಗಿ ಬಂದು ಪರದೆ ನೋಡಿದೆವು. ಹಳೆಯದರಲ್ಲಿ ನಲವತ್ತು ಮಸುಕು ತಲೆಗಳು. ಹೊಸದರಲ್ಲಿ ನಮ್ಮ ನಮ್ಮ ಮುಖಗಳು, ಸಾಹೇಬರ ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗೆ. ಹಾಗೇಕೆ ಬಂತೆಂದರೆ ನೌಕರರ ಫೋಟೊಗಳನ್ನು ಮೊದಲೇ ಅದಕ್ಕೆ ಉಣಿಸಿದ್ದರು. ಒಂದು ವಿಷಯ ಮಾತ್ರ ನನ್ನ ಕಣ್ಣಿಗೆ ಬಿತ್ತು. ಅಮೀನಗಡದಲ್ಲಿ ನಾವು ಚಹಾ ಕುಡಿದದ್ದು ಕಾಗದದ ಲೋಟದಲ್ಲಿ, ಪರದೆಯ ಮೇಲೆ ಎಲ್ಲರ ಕೈಯಲ್ಲೂ ಗಾಜಿನ ಗ್ಲಾಸು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ವಿಭಾಗೀಯ ತಾಂತ್ರಿಕ ಅಧಿಕಾರಿ ನಿಂಬರಗಿ ಸಾಹೇಬರು, "ಆಹಾ, ನಾ ಇಷ್ಟ ಚಂದ ಅದೀನಿ ಅಂತ ಗೊತ್ತ ಇರಲಿಲ್ಲ ನೋಡ್ರಿ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ವರದಿಯಲ್ಲಿ 'ಮುಖಗಳು ಸ್ಪಷ್ಟ, ದೃಶ್ಯ ನಂಬಲರ್ಹ' ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ನನ್ನಂಥವರಿಗೇ ಇರಬೇಕು.

ಎರಡು ತಿಂಗಳಲ್ಲಿ ನಮ್ಮ ಡಿಪೊದ ಬಸ್ಸುಗಳಿಂದ ಹಳೆಯ ಪೆಟ್ಟಿಗೆಗಳನ್ನು ಕಿತ್ತು ಗುಜರಿಗೆ ಹಾಕಿದೆವು. ನನಗೆ ಮೈಗೆ ಎಣ್ಣೆ ಹತ್ತದ ಕೆಲಸ ಸಿಕ್ಕಿತು. ದೃಶ್ಯ ತೆಗೆದುಕೊಡುವ ಕೋಣೆ, ತಣ್ಣನೆಯ ಗಾಳಿ, ಎರಡು ಪರದೆ. ಆರು ತಿಂಗಳು ಸುಖವಾಗಿದ್ದೆ.

ಮಾಘ ಮಾಸದ ಲಗ್ನದ ದಿನಗಳು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೆಳಗೆ ಡಿಪೊ ಗೇಟಿನ ಹತ್ತಿರ ಒಬ್ಬ ಹೆಂಗಸಿನ ಆಕ್ರಂದನ ಕೇಳಿತು. ಬಾಗಲಕೋಟೆಯಿಂದ ಕುಷ್ಟಗಿಗೆ ಹೋಗುವ ಬಸ್ಸನ್ನು ಪೊಲೀಸರು ಡಿಪೊದೊಳಗೆ ತಂದು ನಿಲ್ಲಿಸಿದ್ದರು. ಆ ಹೆಂಗಸಿನ ಹೆಸರು ಹುಲಿಗೆವ್ವ, ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ನೀರು ಹೊಡೆಯುವ ಕೆಲಸದವಳು. ಎರಡೂವರೆ ವರ್ಷದ ಮಗ ಯಮನೂರನನ್ನು ಎತ್ತಿಕೊಂಡು ಅಮೀನಗಡದಲ್ಲಿ ಬಸ್ಸು ಹತ್ತಿದ್ದಳು. ಕಾಲಿಡಲು ಜಾಗವಿರಲಿಲ್ಲ. ನಮ್ಮ ಕಡೆ ನಿಂತವರ ಕೂಸನ್ನು ಕೂತವರು ಕೇಳಿ ಇಸಿದುಕೊಳ್ಳುತ್ತಾರೆ. "ಕೊಡವಾ ಇಲ್ಲೆ" ಎಂದು ಕೈ ಚಾಚಿದರೆ ಯಾರು, ಯಾವೂರು ಎಂದು ಯಾವ ತಾಯಿಯೂ ಕೇಳುವುದಿಲ್ಲ. ನಾನು ಅಂಥ ಎಷ್ಟು ತೊಡೆಗಳ ಮೇಲೆ ಕೂತು ಬೆಳೆದೆನೋ ಲೆಕ್ಕವಿಲ್ಲ. ಹುಲಿಗೆವ್ವನೂ ಹಾಗೆಯೇ, ಜೊತೆಗೇ ಹತ್ತಿ ಹತ್ತೊಂಬತ್ತನೇ ಸೀಟು ಹಿಡಿದಿದ್ದ ಒಬ್ಬ ಹೆಂಗಸಿಗೆ ಮಗನನ್ನು ಕೊಟ್ಟಳು. ಹುನಗುಂದದಲ್ಲಿ ಇನ್ನಷ್ಟು ಜನ ತುಂಬಿ ಅವಳು ಹಿಂದಕ್ಕೆ ತಳ್ಳಿಸಿಕೊಂಡಳು. ಇಳಕಲ್ಲಿನಲ್ಲಿ ಅರ್ಧ ಬಸ್ಸು ಖಾಲಿಯಾಯಿತು. ಮುಂದೆ ಬಂದು ನೋಡಿದರೆ ಸೀಟಿನಲ್ಲಿ ಆ ಹೆಂಗಸೂ ಇರಲಿಲ್ಲ, ಮಗುವೂ ಇರಲಿಲ್ಲ.

ಮಧ್ಯಾಹ್ನ ಠಾಣೆಯ ಫೌಜದಾರರು ಹುಲಿಗೆವ್ವನನ್ನೂ ಕಂಡಕ್ಟರ್ ದೊಡ್ಡಬಸಯ್ಯನನ್ನೂ ಕರೆದುಕೊಂಡು ನನ್ನ ಕೋಣೆಗೆ ಬಂದರು. ಫೌಜದಾರರು ಕೆಟ್ಟವರಲ್ಲ. ಅವಳನ್ನು ಕುರ್ಚಿಯ ಮೇಲೆ ಕೂರಿಸಿ, "ಅಳಬ್ಯಾಡಬೇ, ಈಗ ಎಲ್ಲಾ ಕಾಣತೈತಿ" ಎಂದರು. ನಾನು ಅಮೀನಗಡದ ಸಮಯ ಒತ್ತಿದೆ.

ಚಿತ್ರ ಕನ್ನಡಿಯಂತೆ ಬಂತು. ಬಾಗಿಲಲ್ಲಿ ನೂಕುನುಗ್ಗಲು. ದೊಡ್ಡಬಸಯ್ಯನ ಮುಖ, ಅವನ ಹಣೆಯ ವಿಭೂತಿ, ಎಲ್ಲ ಅವನದೇ. ಹತ್ತೊಂಬತ್ತನೇ ಸೀಟಿನ ಹೆಂಗಸು ಒಂದು ಮಗುವನ್ನು ಎತ್ತಿಕೊಂಡು ಹತ್ತಿದಳು. ಬಂದು ಕೂತಳು. ಮಗು ಅವಳ ತೊಡೆಯ ಮೇಲೆ ಕೂತಿತು. ಇಳಕಲ್ಲಿನಲ್ಲಿ ಅದನ್ನು ಎತ್ತಿಕೊಂಡು ಇಳಿದು ಹೋದಳು. ಅವಳ ಕೈಗೆ ಯಾರೂ ಯಾವ ಮಗುವನ್ನೂ ಕೊಡಲಿಲ್ಲ.

ಹುಲಿಗೆವ್ವ ಪರದೆಯ ಹತ್ತಿರ ಬಗ್ಗಿ, "ನಾ ಎಲ್ಲಿ ಅದೀನ್ರಿ ಇದರಾಗ?" ಎಂದಳು.

ಅಮೀನಗಡದ ಟಿಕೆಟು, ಹಸಿರು ಸೀರೆ, ಕಂಬದ ಹತ್ತಿರ ನಿಂತದ್ದು, ಎಲ್ಲ ಹೊಂದಿಸಿ ನಾನು ತೋರಿಸಿದೆ. ಅಲ್ಲಿ ಬರಿಗೈಯಲ್ಲಿ ನಿಂತಿದ್ದವಳನ್ನು ಹುಲಿಗೆವ್ವ ಗುರುತಿಸಲಿಲ್ಲ. ತನ್ನ ಮುಖವನ್ನೇ ತನ್ನದಲ್ಲ ಎನ್ನುತ್ತಾಳಲ್ಲ ಎಂದು ನನಗೆ ಅನುಮಾನ ಹುಟ್ಟಿತು. ಹೌದು, ನನಗೆ. ಫೌಜದಾರರಿಗಿಂತ ಮೊದಲು ನನಗೇ ಹುಟ್ಟಿತು.

ಫೌಜದಾರರು ಮಗುವಿನ ಮುಖವನ್ನು ದೊಡ್ಡದು ಮಾಡಿಸಿದರು. ದುಂಡು ಕೆನ್ನೆ, ದೊಡ್ಡ ಕಣ್ಣು, ಚಂದದ ಮಗು. "ಸರಿಯಾಗಿ ನೋಡಿ ಹೇಳು. ಇದು ನಿನ್ನ ಮಗನಾ?"

ಅವಳು ಬಹಳ ಹೊತ್ತು ನೋಡಿದಳು. "ಅಲ್ರಿ. ಇವ ನನ್ನ ಯಮನೂರ ಅಲ್ಲ."

ಹೌದು ಎಂದಿದ್ದರೆ ಅಂದೇ ಆ ಹೆಂಗಸನ್ನು ಹುಡುಕಲು ನಾಲ್ಕು ದಿಕ್ಕಿಗೆ ಜನ ಹೊರಡುತ್ತಿದ್ದರು. ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಫೌಜದಾರರು ಅದನ್ನು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ದೊಡ್ಡಬಸಯ್ಯನ ಕಡೆ ತಿರುಗಿ, "ಈಕಿ ಕೂಸು ತಗೊಂಡ ಹತ್ತಿದ್ಲೇನು?" ಎಂದು ಕೇಳಿದರು.

ಗೇಟಿನ ಹತ್ತಿರ ಹೌದು ಹೌದು ಎಂದಿದ್ದ ದೊಡ್ಡಬಸಯ್ಯ ಈಗ ಪರದೆ ನೋಡಿ ತಲೆ ಕೆರೆದುಕೊಂಡ. "ತೊಂಬತ್ತ ಮಂದಿ ಇದ್ರು ಸಾಹೇಬ್ರ. ಎತ್ಕೊಂಡಂಗ ನೆನಪಿತ್ತು. ಕ್ಯಾಮೆರಾದಾಗ ಇಲ್ಲ ಅಂದಮ್ಯಾಲ ಇರಲಿಕ್ಕಿಲ್ಲ ಬಿಡ್ರಿ."

ಅಂದು ಸಂಜೆಯಿಂದ ಯಮನೂರನನ್ನು ಯಾರೂ ಹುಡುಕಲಿಲ್ಲ. ಹುಡುಕಿದ್ದು ಅವನ ತಾಯಿಯ ಗುಡಿಸಲಿನಲ್ಲಿ, ಅವಳ ಬಳಗದಲ್ಲಿ, ಕಾರ್ಖಾನೆಯ ಹಿಂದಿನ ನೀರಿನ ಹೊಂಡದಲ್ಲಿ. ಮಗನನ್ನು ಎಲ್ಲಿ ಬಿಟ್ಟೆ, ಯಾರಿಗೆ ಮಾರಿದೆ ಎಂದು ದಿನಾ ಠಾಣೆಗೆ ಕರೆಸಿ ಕೇಳಿದರು. ದೃಶ್ಯ ಹೇಗೋ ಊರವರ ಫೋನುಗಳಿಗೆ ಹಬ್ಬಿತು. ಅವಳ ಓಣಿಯ ಹೆಂಗಸರೇ ಅವಳಿಗೆ ನಲ್ಲಿಯಲ್ಲಿ ನೀರು ಹಿಡಿಯಲು ಬಿಡಲಿಲ್ಲ.

ನನ್ನ ಗಂಡ ಮಹಾಂತಪ್ಪ ಇಳಕಲ್ ಸೀರೆ ನೇಯುವವನು. ಮನೆಯ ಮುಂದಿನ ಖೋಲಿಯಲ್ಲಿ ಕುಣಿಮಗ್ಗ, ಅದರ ಪಕ್ಕದಲ್ಲಿ ನಮ್ಮ ನಾಲ್ಕು ವರ್ಷದ ಮಗಳು ಭಾಗಿಯ ಆಟ. ನಾಲ್ಕನೆಯ ದಿನ ಸಂಜೆ ಅವನು ಮಗ್ಗದಿಂದ ಏಳುವಾಗ ಕೇಳಿದ, "ಎಲ್ಲಾರೂ ನೋಡ್ಯಾರಂತ. ನನಗೊಂದು ತೋರಿಸಲ್ಲ?" ನನ್ನ ಫೋನಿನಲ್ಲಿ ಅದು ಇರಬಾರದಿತ್ತು, ಆದರೆ ಇತ್ತು. ತೋರಿಸಿದೆ. ನಾನು ರೊಟ್ಟಿ ಬಡಿಯಲು ಒಳಗೆ ಹೋದೆ.

ಎರಡು ರೊಟ್ಟಿ ಆಗುವಷ್ಟರಲ್ಲಿ ಅವನು ಬಾಗಿಲಿಗೆ ಬಂದು ನಿಂತ. "ಅನಸೂಯಾ, ಈಕಿ ಉಟ್ಟಿದ್ದು ಯಾವ ಸೀರಿ?"

"ಕೆಂಪು ಸೆರಗು ಕಾಣಾಂಗಿಲ್ಲೇನು? ನಮ್ಮದ, ಇಳಕಲ್ದು."

"ನಮ್ಮ ಸೆರಗಿನಾಗ ಕೆಂಪು ಮೂರು, ನಡುವ ಬಿಳಿ ಎರಡು. ಇಲ್ಲಿ ಬಿಳಿ ಮೂರಾಗ್ಯಾವ."

"ಪವರ್‌ಲೂಮಿನವರು ಏನ್ ಬೇಕಾದ್ದು ನೇಯ್ತಾರ."

"ನೇಯ್ಲಿ. ಅಂಚಿನ ದಡಿ ನೋಡು. ಹತ್ತುವಾಗ ಗೋಮಿ ದಡಿ. ಕುಂತಮ್ಯಾಲ ಪರಾಸಪೇಟ ದಡಿ. ಇಳಿಯುವಾಗ ಮತ್ತ ಗೋಮಿ. ಬಸ್ಸಿನಾಗ ಸೀರಿ ಬದಲಿಸಿದಳೇನು ಆಕಿ?" ಅವನು ಫೋನನ್ನು ನನ್ನ ಹಿಟ್ಟಿನ ಕೈಗೇ ಕೊಟ್ಟ. "ಇದನ್ನ ಯಾರೂ ಉಟ್ಟಿಲ್ಲ. ಯಾರೋ ನೆನಸ್ಕೊಂಡು ಬರದಾರ."

ಒಲೆಯ ಮೇಲಿನ ರೊಟ್ಟಿ ಹೊತ್ತಿತು. ಅಮೀನಗಡದ ಗಾಜಿನ ಗ್ಲಾಸು ನನ್ನ ಕಣ್ಣ ಮುಂದೆ ಬಂತು.

ಮರುದಿನ ಕೋಣೆಗೆ ಹೋದವಳೇ ವಿಶ್ರುತ್‌ಗೆ ಫೋನ್ ಮಾಡಿದೆ. ಅವನು ಮುಚ್ಚಿಡಲಿಲ್ಲ. ಅವನಿಗೆ ಅದು ಮುಚ್ಚಿಡುವ ವಿಷಯವೇ ಆಗಿರಲಿಲ್ಲ.

"ಪ್ಯಾಸೆಂಜರ್ ಮುಖ ನಾವು ಇಟ್ಕೊಳ್ಳಲ್ಲ ಮೇಡಂ. ಗೌಪ್ಯತೆ ಕಾನೂನು. ವಯಸ್ಸು, ಬಣ್ಣ, ಮೈಕಟ್ಟು ನೋಡಿ ಹೊಂದೋ ಮುಖ ಬರೆಯುತ್ತೆ. ಅನುಬಂಧದಲ್ಲಿ ಇದೆ."

"ಮಗುವಿನ ಮುಖ?"

"ಅದೂ ಅಷ್ಟೇ."

"ಮಗುವನ್ನ ಆ ಹೆಂಗಸು ಎತ್ತಿಕೊಂಡು ಹತ್ತಿದ್ದು ನಿಜವೇನು?"

ಅವನು ಆ ಬಸ್ಸಿನ ಟಿಪ್ಪಣಿ ತೆರೆದು ನೋಡಿ ಬಿಡಿಸಿ ಹೇಳಿದ. ಬಾಗಿಲಲ್ಲಿ ನೂಕುನುಗ್ಗಲಿತ್ತು, ಮಗು ಯಾರ ತೋಳಿನಲ್ಲಿದೆ ಎಂದು ಯಂತ್ರಕ್ಕೆ ಖಚಿತವಾಗಿರಲಿಲ್ಲ. ಆಮೇಲೆ ನಲವತ್ತು ನಿಮಿಷ ಒಂದೇ ತೊಡೆಯ ಮೇಲೆ ಕಂಡಿತು. ಅಷ್ಟು ಹೊತ್ತು ತೊಡೆಯ ಮೇಲಿದ್ದರೆ ಅದು ಅವರದೇ ಮಗು ಎಂದು ಯಂತ್ರ ಕಲಿತಿದೆ. ಅದನ್ನು ಕಲಿಸಿದ ಊರುಗಳಲ್ಲಿ ಅಪರಿಚಿತರ ಕೈಗೆ ಯಾರೂ ಕೂಸು ಕೊಡುವುದಿಲ್ಲ. ಹಾಗಾಗಿ ಹಿಂದಕ್ಕೆ ಹೋಗಿ ಹತ್ತುವಾಗಿನ ಸಾಲನ್ನೂ ತಿದ್ದಿತು.

"ತಿದ್ದುವ ಮೊದಲಿನ ಸಾಲು ಕೊಡಪ್ಪಾ."

"ಅದು ಇರಲ್ಲ ಮೇಡಂ. ತಿದ್ದಿದ ಮೇಲೆ ಹಳೇದು ಯಾಕೆ, ಜಾಗ ತಿನ್ನುತ್ತೆ. ಮೂರು ಸಲ ತಿದ್ದಿದೆ ಅಂತ ಒಂದು ಅಂಕಿ ಮಾತ್ರ ಇದೆ."

ಆ ಅಂಕಿಯನ್ನು ಬರೆದುಕೊಂಡು ನಿಂಬರಗಿ ಸಾಹೇಬರ ಹತ್ತಿರ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎದ್ದು ಕೋಣೆಯ ಬಾಗಿಲು ಹಾಕಿದರು.

"ಅನಸೂಯಾ, ಈ ಆರು ತಿಂಗಳದಾಗ ಇದರ ಮ್ಯಾಲ ಎಷ್ಟು ಪ್ರಕರಣ ತೀರ್ಮಾನ ಆಗ್ಯಾವ ಗೊತ್ತೈತಿ? ಇನ್ನೂರಾ ಹನ್ನೆರಡು. ಅಪಘಾತ, ಕಳುವು, ಸಸ್ಪೆಂಡ್ ಆದ ಕಂಡಕ್ಟರು. ಚಿತ್ರ ಸುಳ್ಳು ಅಂತ ನಾವ ಹೇಳಿದ್ರ ಎಲ್ಲಾ ತಿರುಗಿ ನಮ್ಮ ಕೊರಳಿಗೆ ಬರ್ತಾವ."

"ಅದರಾಗ ಎಷ್ಟು ಸುಳ್ಳದಾವೋ ನಮಗ ಗೊತ್ತಿಲ್ಲಲ್ರಿ."

"ಗೊತ್ತಿಲ್ಲ. ಗೊತ್ತ ಮಾಡ್ಕೊಳ್ಳೂದು ಬ್ಯಾಡ." ಅವರು ಕಪಾಟಿನಿಂದ ಆಯ್ಕೆ ಸಮಿತಿಯ ವರದಿ ತೆಗೆದು ನನ್ನ ಮುಂದಿಟ್ಟರು. 'ಮುಖಗಳು ಸ್ಪಷ್ಟ, ದೃಶ್ಯ ನಂಬಲರ್ಹ.' ಕೆಳಗೆ ನನ್ನ ದುಂಡು ಸಹಿ. "ಕಂಪನಿಗೆ ಒಂದು ಪತ್ರ ಬರಿತೀನಿ. ನೀ ಸುಮ್ಮನಿರು. ಮಗಳು ಸಣ್ಣಾಕಿ ಅದಾಳ."

ಮಗಳು ಸಣ್ಣವಳೆಂದೇ ನಾನು ಸುಮ್ಮನಿರಲಿಲ್ಲ ಎಂದು ಹೇಳಿಕೊಂಡರೆ ಜಂಬವಾದೀತು. ಎಂಟು ದಿನ ಸುಮ್ಮನೇ ಇದ್ದೆ. ಕೆಲಸ ಹೋದರೆ ಎಂದು ಹೆದರಿದೆ. ಎಂಟು ದಿನ ಬೆಳಿಗ್ಗೆ ಗೇಟಿನ ಹತ್ತಿರ ಹುಲಿಗೆವ್ವ ಕೂತಿರುತ್ತಿದ್ದಳು. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಕುಷ್ಟಗಿ ಬಸ್ಸು ಬಂದರೆ ಎದ್ದು ಕಿಟಕಿಗಳನ್ನು ನೋಡಿ ಮತ್ತೆ ಕೂರುತ್ತಿದ್ದಳು. ನಾನು ಸ್ಕೂಟರನ್ನು ಹಿಂದಿನ ಗೇಟಿನಿಂದ ಒಳಗೆ ತರತೊಡಗಿದೆ.

ಒಂಬತ್ತನೇ ದಿನ ಠಾಣೆಗೆ ಹೋಗಿ ಫೌಜದಾರರಿಗೆ ಬರವಣಿಗೆಯಲ್ಲಿ ಕೊಟ್ಟೆ. ಅವರು ಓದಿ, ತಮ್ಮ ಕಡತದಿಂದ ಅದೇ ವರದಿಯ ಪ್ರತಿ ತೆಗೆದರು. ಆ ಊರಿನಲ್ಲಿ ನನ್ನ ಸಹಿಯಷ್ಟು ಪ್ರಸಿದ್ಧವಾದದ್ದು ಬೇರೊಂದಿರಲಿಲ್ಲ.

"ಇದರಾಗ ನಂಬಲರ್ಹ ಅಂತ ನಿಮ್ಮ ಸಹಿ ಐತಿ. ಇದರಾಗ ಸುಳ್ಳು ಅಂತ ನಿಮ್ಮ ಸಹಿ ಐತಿ. ಯಾವ ಸಹಿ ನಂಬಲಿ ತಂಗಿ? ಸೀರಿ ದಡಿ ಕೋರ್ಟಿಗೆ ಹೆಂಗ ಒಯ್ಯಲಿ?"

ಮನೆಗೆ ಬಂದು ಮಹಾಂತಪ್ಪನಿಗೆ ನನ್ನ ಯೋಚನೆ ಹೇಳಿದೆ. ಅವನು ಮೊದಲು ಬೇಡವೆಂದ. ಅಂದು ಇಬ್ಬರೂ ಸರಿಯಾಗಿ ಉಣ್ಣಲಿಲ್ಲ. ಬೆಳಿಗ್ಗೆ ಅವನೇ ಭಾಗಿಯ ತಲೆ ಬಾಚಿ, "ನಾನೂ ಬಸ್ಸಿನ ಹಿಂದಿನ ಬಾಗಲದಾಗ ನಿಂದಿರ್ತೀನಿ" ಎಂದ.

ಅಮೀನಗಡದಲ್ಲಿ ಅದೇ ಬಸ್ಸು ಹತ್ತಿದೆವು. ಜನ ಕಿಕ್ಕಿರಿದಿದ್ದರು. ಕಿಟಕಿಯ ಹತ್ತಿರದ ಒಬ್ಬ ಅಜ್ಜಿ ಎಂದಿನಂತೆ ಕೈ ಚಾಚಿ, "ಕೊಡವಾ ಹುಡುಗೀನ" ಎಂದಳು. ಸಾವಿರ ಸಲ ನೋಡಿದ ಕೈ. ಕೊಡಲು ನನ್ನ ಕೈ ಬರಲಿಲ್ಲ. ಅಜ್ಜಿಯೇ ಎಳೆದುಕೊಂಡು ತೊಡೆಯ ಮೇಲೆ ಕೂರಿಸಿಕೊಂಡಳು. ನಲವತ್ತು ನಿಮಿಷ ನಾನು ಭಾಗಿಯ ಲಂಗದ ತುದಿಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ಅಜ್ಜಿ ಅವಳಿಗೆ ಅಮೀನಗಡದ ಕರದಂಟಿನ ಚೂರು ತಿನ್ನಿಸಿದಳು. ಆ ಅಜ್ಜಿಯನ್ನು ಕಳ್ಳಿಯನ್ನು ನೋಡುವ ಹಾಗೆ ನೋಡಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಇಳಕಲ್ಲಿನಲ್ಲಿ ಮಗಳನ್ನು ಇಸಿದುಕೊಂಡು ಇಳಿದೆ.

ಮಧ್ಯಾಹ್ನ ಕೋಣೆಯಲ್ಲಿ ಒಬ್ಬಳೇ ಕೂತು ಆ ದೃಶ್ಯ ತೆಗೆದೆ. ನೌಕರರ ಪಟ್ಟಿಯಲ್ಲಿ ನನ್ನ ಫೋಟೊ ಇದ್ದದ್ದರಿಂದ ನನ್ನ ಮುಖ ನನ್ನದೇ. ಆದರೆ ನನ್ನ ತೋಳು ಖಾಲಿ, ಅಜ್ಜಿಯ ತೋಳಿನಲ್ಲಿ ಬಸ್ಸು ಹತ್ತಿದ ಹುಡುಗಿಗೆ ಬೇರೆ ಮುಖ. ಯಾರದೋ ಮೂಗು, ಯಾರದೋ ಹಲ್ಲು. ಇಳಕಲ್ಲಿನಲ್ಲಿ ನಾನು ಆ ಅಜ್ಜಿಯ ತೊಡೆಯಿಂದ ಆ ಹುಡುಗಿಯನ್ನು ಎಳೆದುಕೊಂಡು ಹೋಗುತ್ತಿದ್ದೆ. ನೋಡಿದವರು ಮಕ್ಕಳ ಕಳ್ಳಿ ಎನ್ನಬೇಕು, ಹಾಗಿತ್ತು. ನನ್ನ ಮಗಳು ಮನೆಯಲ್ಲಿ ಮಗ್ಗದ ಪಕ್ಕ ಆಡುತ್ತಿದ್ದಾಳೆಂದು ಗೊತ್ತಿದ್ದರೂ ಫೋನ್ ಮಾಡಿ ಅವಳ ದನಿ ಕೇಳಿದೆ.

ಸಂಜೆ ಆ ದೃಶ್ಯವನ್ನೂ ಭಾಗಿಯನ್ನೂ ಒಟ್ಟಿಗೆ ಠಾಣೆಗೆ ಒಯ್ದೆ. ಫೌಜದಾರರು ಪರದೆ ನೋಡಿದರು, ಮೇಜಿನ ಮೇಲೆ ಕೂತು ಪೆನ್ನಿನ ಮುಚ್ಚಳ ಕಡಿಯುತ್ತಿದ್ದ ನನ್ನ ಮಗಳನ್ನು ನೋಡಿದರು. ಮತ್ತೆ ಪರದೆ ನೋಡಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಲಿಲ್ಲ.

"ಎಲ್ಲಾ ಬಸ್ಸಿನಾಗೂ ಹಿಂಗ ಐತೇನು?" ಎಂದು ಮೆಲ್ಲಗೆ ಕೇಳಿದರು.

"ಎಲ್ಲಾದರಾಗೂ."

"ಆ ಹತ್ತೊಂಬತ್ತನೇ ಸೀಟಿನಾಕಿ ಖರೇ ಮಾರಿ?"

"ಎಲ್ಲೂ ಇಲ್ರಿ. ಯಾರಿಗೂ ಗೊತ್ತಿಲ್ಲ."

ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಯಮನೂರ ಕಾಣೆಯಾಗಿ ಆಗಲೇ ಹದಿನೈದು ದಿನ ಆಗಿತ್ತು.

ಕಡತ ಮತ್ತೆ ತೆರೆಯಬೇಕಾದರೆ ಮೇಲಿನವರ ಒಪ್ಪಿಗೆ ಬೇಕು. ತಾಯಿ ಹೆಬ್ಬೆಟ್ಟು ಒತ್ತಿ 'ನನ್ನ ಮಗನಲ್ಲ' ಎಂದ ಹೇಳಿಕೆ ಅಲ್ಲಿ ಕೂತಿತ್ತು. ಮೇಲಿನವರು ಕಂಪನಿಯನ್ನು ಕೇಳಿದರು. ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ. 'ಗ್ರಾಹಕರು ಹೆಚ್ಚುವರಿ ಮಾಹಿತಿ ಒದಗಿಸಿದಲ್ಲಿ ದೃಶ್ಯವನ್ನು ಇನ್ನಷ್ಟು ನಿಖರಗೊಳಿಸಲಾಗುವುದು' ಎಂದು ಉತ್ತರ ಬರೆಯಿತು. ಮೇಲಿನವರಿಗೆ ಆ ವಾಕ್ಯ ಹಿಡಿಸಿತು. ಯಾರ ತಲೆಯೂ ಹೋಗದೆ ಕೆಲಸ ಆಗುವಂತಿತ್ತು. ಸರಿಪಡಿಸಿದ ದೃಶ್ಯ ಬರಲಿ, ತಾಯಿ ಅದನ್ನು ನೋಡಿ ಗುರುತಿಸಲಿ, ಆಮೇಲೆ ಕಡತ ತೆರೆಯಿರಿ ಎಂದರು. ಇದಕ್ಕೆ ಮತ್ತೆ ಹದಿನಾಲ್ಕು ದಿನ ಹಿಡಿಯಿತು. ಹುಲಿಗೆವ್ವನ ಹತ್ತಿರ ಮಗನ ಒಂದೇ ಒಂದು ಫೋಟೊ ಇತ್ತು, ಕಾರ್ಖಾನೆಯ ಮೇಸ್ತ್ರಿಯ ಫೋನಿನಲ್ಲಿ ತೆಗೆದದ್ದು. ಅದನ್ನೂ ಹುಲಿಗೆವ್ವನ ಒಂದು ಫೋಟೊವನ್ನೂ ಅವಳು ಹೇಳಿದ್ದನ್ನೂ ಕಂಪನಿಗೆ ಕಳಿಸಿದವಳು ನಾನೇ.

ಇಪ್ಪತ್ತೊಂಬತ್ತನೇ ದಿನ ಫೌಜದಾರರು, ನಿಂಬರಗಿ ಸಾಹೇಬರು, ಹುಲಿಗೆವ್ವ ನನ್ನ ಕೋಣೆಯಲ್ಲಿ ಕೂತರು. ಬೆಂಗಳೂರಿನಿಂದ ವಿಶ್ರುತ್ ಫೋನಿನಲ್ಲಿದ್ದ. ನಾನು ದೃಶ್ಯ ಓಡಿಸಿದೆ.

ಅಮೀನಗಡ. ಅದೇ ಬಾಗಿಲು, ಅದೇ ನೂಕುನುಗ್ಗಲು. ಈಗ ಹುಲಿಗೆವ್ವ ಹತ್ತಿದಳು, ಅವಳ ಸ್ವಂತ ಮುಖದೊಡನೆ. ತೋಳಿನಲ್ಲಿ ಯಮನೂರ. ಎಣ್ಣೆಗಪ್ಪು ಬಣ್ಣ, ಎಡಗಡೆ ಹುಬ್ಬಿನ ಮೇಲೆ ಗಾಯದ ಗುರುತು, ಫೋಟೊದಲ್ಲಿ ಇದ್ದ ಹಾಗೆಯೇ. ಹತ್ತೊಂಬತ್ತನೇ ಸೀಟಿನ ಹೆಂಗಸು ಕೈ ಚಾಚಿದಳು. ಅವನು ನಗುತ್ತಾ ಅವಳ ತೊಡೆಗೆ ಹೋದ. ಅವಳ ಮುಖ ಮಾತ್ರ ಮೊದಲಿನದೇ, ಯಾರದೂ ಅಲ್ಲದ್ದು. ಯಾರೋ ಫೋಟೊ ಕೊಟ್ಟು ಕೇಳಿದ್ದರೆ ಆ ಮುಖದ ಜಾಗದಲ್ಲಿ ನನ್ನದನ್ನೂ ಬರೆದು ಕೊಡುತ್ತಿದ್ದರು.

ಹುಲಿಗೆವ್ವ ಪರದೆಗೆ ಅಂಗೈ ಹಚ್ಚಿದಳು. ನಾವು ಯಾರೂ ತಡೆಯಲಿಲ್ಲ. ನಿಂಬರಗಿ ಸಾಹೇಬರು ಕಣ್ಣು ಒರೆಸಿಕೊಂಡರು. ಆ ಕಣ್ಣೀರು ನಿಜವಾದದ್ದೇ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಫೌಜದಾರರು ಕಾಗದ ತೆಗೆದರು. "ಇದು ನಿನ್ನ ಮಗನಾ?"

"ಮಾರಿ ಅವಂದರಿ," ಎಂದಳು ಹುಲಿಗೆವ್ವ. "ಇವ ನಗಾಕತ್ತಾನ. ಅವತ್ತು ನಕ್ಕಿರಲಿಲ್ರಿ. ಗಾಳಿ ಇಲ್ಲಂತ ಒಂದ ಸವನ ಅಳಾಕತ್ತಿದ್ದ. ಅಳ್ತಾನಂತನ ಆಕಿ ಕೈಯಾಗ ಕೊಟ್ಟೆ."

"ಅದಿರಲಿಬೇ. ಈ ಚಿತ್ರದಾಗ ಇರೂದು ನಿನ್ನ ಮಗ ಹೌದೋ ಅಲ್ಲೋ? ಅಷ್ಟ ಹೇಳು."

ಅವಳು ನನ್ನ ಕಡೆ ನೋಡಿದಳು. ಅವಳು ಮತ್ತೆ ಅಲ್ಲ ಎಂದರೆ ಕಡತ ಮತ್ತೆ ಮುಚ್ಚುತ್ತದೆ. ಪರದೆಯ ಮೇಲಿದ್ದವನು ಅವಳ ಮಗನಲ್ಲ, ಫೋಟೊ ನೋಡಿ ಬರೆದ ಬೊಂಬೆ ಎಂದು ಆ ಕೋಣೆಯಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಹೌದು ಅನ್ನವಾ," ಎಂದೆ.

"ಹೌದ್ರಿ," ಎಂದಳು ಹುಲಿಗೆವ್ವ. ಫೌಜದಾರರು ಶಾಯಿ ಡಬ್ಬಿ ತೆರೆದರು, ನಾನು ಅವಳ ಹೆಬ್ಬೆರಳು ಹಿಡಿದು ಒತ್ತಿಸಿದೆ. ಅಂದು ಮಧ್ಯಾಹ್ನ ಮೂರು ಗಂಟೆಗೆ ಯಮನೂರನನ್ನು ಹುಡುಕಲು ಹೊರಟರು.